ಹಾಡಿಗೂ ಗಿಟಾರಿಗೂ ಒಂದೇ ಮೈಕ್: ಶಿಡ್ಲಘಟ್ಟದ ಗೆಳೆಯರ ಪ್ರಶ್ನೆಗೆ

ಶಿಡ್ಲಘಟ್ಟದಲ್ಲಿ ಆರ್‌ಸಿಸಿ ಮನೆ, ಮಹಡಿ ಮೇಲೆ ಚಿಕ್ಕ ರೂಮು, ಕಿಟಕಿ ಆಚೆ ರೇಷ್ಮೆ ರೀಲಿಂಗ್ ಘಟಕ. ಗಿಟಾರ್ ಹಿಡಿದು ತತ್ವಪದ ಹಾಡಿ ರೆಕಾರ್ಡ್ ಮಾಡಬೇಕು, ಶೂರ್ ಎಸ್‌ಎಂ58 ತಗೊಳ್ಳಲಾ, ಆಡಿಯೋ-ಟೆಕ್ನಿಕಾ ಎಟಿ2020 ತಗೊಳ್ಳಲಾ ಅಂತ ಕೇಳಿದ್ದೀರಿ. ನಾನಾದರೆ ಎಟಿ2020 ಅಂತೀನಿ. ಆದರೆ ಮೊದಲು ರೂಮು ಸ್ವಲ್ಪ ಸರಿಮಾಡಿಕೊಳ್ಳಬೇಕು.

ಗಲಾಟೆ ಇರೋ ಕಡೆ ಎಸ್‌ಎಂ58 ಥರದ ಡೈನಮಿಕ್ ಮೈಕೇ ಸರಿ, ಎಟಿ2020 ಥರದ ಕಂಡೆನ್ಸರ್ ಹಾಗೆ ಅದು ಹೊರಗಿನ ಸದ್ದು ಎಳೆಯಲ್ಲ ಅಂತ ನಿಮ್ಮ ಪ್ರಶ್ನೆಗೆ ಒಬ್ಬರು ಉತ್ತರ ಬರೆದಿದ್ದಾರೆ. ಅದು ಅರ್ಧ ಮಾತ್ರ ನಿಜ. ಅದನ್ನ ಬಾಯಿಗೆ ತಾಗೋ ಹಾಗೆ ಹಿಡಿದು ಹಾಡ್ತೀವಿ, ಅದಕ್ಕೇ ದನಿ ಮುಂದೆ, ಮೆಷಿನ್ ಸದ್ದು ಹಿಂದೆ ಕೇಳುತ್ತೆ. ದೂರ ಅರ್ಧ ಮಾಡಿದರೆ ನೇರ ಬರೋ ಸದ್ದು ಸುಮಾರು 6 ಡೆಸಿಬಲ್ ಏರುತ್ತೆ, ಯಾವ ಮೈಕಾದರೂ ಅಷ್ಟೇ. ಗಿಟಾರಿಗೆ ಈ ಉಪಾಯ ನಡೆಯಲ್ಲ. ತೂತಿನ ಬಾಯಿಗೇ ಮೈಕ್ ಒಡ್ಡಿದರೆ ಬುಂಯ್ ಅನ್ನೋ ಸದ್ದೇ ತುಂಬಿಕೊಳ್ಳುತ್ತೆ. ಒಂದು ಗೇಣಿನಷ್ಟಾದರೂ ಹಿಂದೆ ಸರಿಯಲೇಬೇಕು. ಅಷ್ಟು ದೂರದಿಂದ ಬೆರಳಲ್ಲಿ ಮೆಲ್ಲಗೆ ಮೀಟಿದ್ದು ಎಸ್‌ಎಂ58ಗೆ ಬಹಳ ಸಣ್ಣದಾಗಿ ಬೀಳುತ್ತೆ. ಅದರ ಔಟ್‌ಪುಟ್ ಎಟಿ2020ಗಿಂತ ಸುಮಾರು 17 ಡೆಸಿಬಲ್ ಕಮ್ಮಿ. ಗೇನ್, ಅಂದರೆ ಮೈಕಿನ ಸದ್ದು ಏರಿಸೋ ಗುಂಡಿ, ಪೂರ್ತಿ ತಿರುಗಿಸಬೇಕಾಗುತ್ತೆ, ಇಂಟರ್‌ಫೇಸ್ (ಮೈಕನ್ನ ಕಂಪ್ಯೂಟರಿಗೆ ಜೋಡಿಸೋ ಪೆಟ್ಟಿಗೆ) ಸಾಧಾರಣದ್ದಾದರೆ ಜೊತೆಗೆ ಸುಯ್ ಅನ್ನೋ ಸದ್ದೂ ಏರುತ್ತೆ.

ಈಗ ರೂಮು. ಮಧ್ಯದಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ. ಟರ್ರ್ ಅಂತ ಬಾಲ ಬಂದರೆ ಗೋಡೆ ಗೋಡೆಗೆ ಬಡಿದು ವಾಪಸ್ ಬರ್ತಿದೆ ಅಂತ ಅರ್ಥ. ಅಂಥ ರೂಮಲ್ಲಿ ಎಂಥ ದುಬಾರಿ ಮೈಕ್ ಇಟ್ಟರೂ ಬಾತ್‌ರೂಮಲ್ಲಿ ಹಾಡಿದ ಹಾಗೇ ಕೇಳುತ್ತೆ. ಹತ್ತಿ ಹಾಸಿಗೆ ಎರಡನ್ನ ನಿಮ್ಮ ಬೆನ್ನ ಹಿಂದಿನ ಮೂಲೆಗೆ ನಿಲ್ಲಿಸಿ, ಪಕ್ಕದ ಗೋಡೆಗೆ ದಪ್ಪ ಕಂಬಳಿ ಇಳಿಬಿಡಿ. ಮೊಟ್ಟೆ ಟ್ರೇ ಅಂಟಿಸೋಕೆ ಮಾತ್ರ ಹೋಗಬೇಡಿ, ಅದರಿಂದ ಹೇಳಿಕೊಳ್ಳೋ ಪ್ರಯೋಜನ ಇಲ್ಲ. ಈ ಎರಡೂ ಮೈಕು ಕಾರ್ಡಿಯಾಯ್ಡ್, ಬೆನ್ನಿನ ಕಡೆಯಿಂದ ಬರೋದನ್ನ ಅತಿ ಕಮ್ಮಿ ಹಿಡಿಯುತ್ತವೆ. ಹಾಗಾಗಿ ಮೈಕಿನ ಬೆನ್ನು ಕಿಟಕಿ ಕಡೆಗಿರಲಿ. ಫ್ಯಾನ್ ಆಫ್. ಘಟಕ ಶುರುವಾಗೋ ಮುಂಚೆ, ಬೆಳಗಿನ ಜಾವಕ್ಕೇ ಕೂತುಬಿಡಿ. ಅದು ರಾತ್ರಿ ಹಗಲೂ ಓಡುತ್ತೆ, ಬೇರೆ ಜಾಗವೂ ಇಲ್ಲ ಅಂದರೆ ಆಗ ಎಸ್‌ಎಂ58 ತಗೊಳ್ಳಿ.

ಹಾಡು, ಗಿಟಾರ್ ಬೇರೆ ಬೇರೆ ರೆಕಾರ್ಡ್ ಮಾಡಿ. ಮೊದಲು ಗಿಟಾರ್: ಕತ್ತು ಬಂದು ಬಾಡಿಗೆ ಸೇರೋ ಜಾಗಕ್ಕೆ, ಅಂದರೆ 12ನೇ ಫ್ರೆಟ್ ಸುತ್ತಮುತ್ತ ಮುಖ ಮಾಡಿ 20–30 ಸೆಂಟಿಮೀಟರ್ ದೂರ ಇಡಿ. ಹೆಡ್‌ಫೋನ್ ಹಾಕಿಕೊಂಡು ಎರಡು ಬೆರಳು ಅತ್ತ, ಎರಡು ಬೆರಳು ಇತ್ತ ಸರಿಸಿ ನೋಡಿ, ಈಕ್ವಲೈಜರಿಗಿಂತ ಇದೇ ಹೆಚ್ಚು ಕೆಲಸ ಮಾಡುತ್ತೆ. ಆಮೇಲೆ ಅದನ್ನ ಕೇಳ್ತಾ ಹಾಡಿ. ಅಂಗೈ ಬಾಯಿ ಮುಂದೆ ಹಿಡಿದು ‘ಭಕ್ತಿ’, ‘ಫಲ’ ಅಂತ ಹೇಳಿ, ಗಾಳಿ ಬಡಿಯೋದು ಗೊತ್ತಾಗುತ್ತೆ. ಅದೇ ಗಾಳಿ ಮೈಕಲ್ಲಿ ಧಬ್ ಅನ್ನುತ್ತೆ. ಪಾಪ್ ಫಿಲ್ಟರ್ (ಗಾಳಿ ತಡೆಯೋ ಜಾಲರಿ) ಹಾಕಿ, ಮೈಕನ್ನ ತುಟಿಯ ನೇರಕ್ಕಿಂತ ಸ್ವಲ್ಪ ಪಕ್ಕಕ್ಕೆ ಇಡಿ.

ಹಾಡ್ತಾ ನುಡಿಸೋದೇ ನಿಮ್ಮ ಶೈಲಿ, ಬಿಡಿಸಿದರೆ ಜೀವ ಹೋಗುತ್ತೆ ಅನ್ನೋದಾದರೆ ಒಂದೇ ಮೈಕನ್ನ ಎದೆಮಟ್ಟದಲ್ಲಿ, ಎರಡು ಗೇಣು ಮುಂದೆ ಇಟ್ಟು, ಎತ್ತರ ಸರಿಸುತ್ತಾ ದನಿ–ತಂತಿ ತೂಗಿಸಿಕೊಳ್ಳಿ. ಆಗ ರೂಮು ಇನ್ನೂ ಚೆನ್ನಾಗಿರಬೇಕು.

ಯುಎಸ್‌ಬಿ ಮಾದರಿ ಬೇಡ. ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್ ಕೇಬಲ್ ಹಾಕೋದು) ತಗೊಂಡರೆ ಮುಂದೆ ಇನ್ನೊಂದು ಮೈಕ್ ಸೇರಿಸಬಹುದು. ಎಟಿ2020ಗೆ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಕೇಬಲ್ ಮೂಲಕವೇ ಮೈಕಿಗೆ ಹೋಗೋ ಕರೆಂಟ್ ಬೇಕು, ಆ ಬಟನ್ ಇರೋ ಇಂಟರ್‌ಫೇಸೇ ಆಗಬೇಕು. ಫೋಕಸ್‌ರೈಟ್ ಕಂಪನಿಯ ಇಂಟರ್‌ಫೇಸ್‌ಗಳಲ್ಲಿ ಸೋಲೋದಲ್ಲಿ ಮೈಕ್ ಇನ್‌ಪುಟ್ ಒಂದೇ, 2ಐ2ನಲ್ಲಿ ಎರಡಿವೆ. ಗುಂಯ್ ಅನ್ನೋ ಹಮ್ ಬಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ ನೋಡಿ, ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಇದು ಸಾಮಾನ್ಯ.

ಏನನ್ನೂ ಕೊಳ್ಳೋ ಮುಂಚೆ ಆ ರೂಮಲ್ಲಿ ಫೋನ್ ಇಟ್ಟು ಒಂದು ನಿಮಿಷ ಸುಮ್ಮನೆ ರೆಕಾರ್ಡ್ ಮಾಡಿ, ಒಂದು ಚಪ್ಪಾಳೆಯನ್ನೂ ಸೇರಿಸಿ ಇಲ್ಲಿ ಹಾಕಿ. ಕಿಟಕಿ, ಬಾಗಿಲು ಎಲ್ಲಿವೆ ಅಂತಲೂ ಬರೆಯಿರಿ, ಹಾಸಿಗೆ ಯಾವ ಗೋಡೆಗೆ ಅಂತ ಹೇಳ್ತೀನಿ.