ಎಂಟು ಮಕ್ಕಳು, ಮನೆಯಲ್ಲೇ ಪಾಠ: ಪಕ್ಕದ ಮನೆಯವರ ಬಗ್ಗೆ ಜನ ಹೇಳುವುದರಲ್ಲಿ ಎಷ್ಟು ನಿಜ?

ನೀವು ಕೇಳಿದ್ದು ಇಷ್ಟು. ಅಮೆರಿಕದ ಟೆಕ್ಸಾಸಿನಲ್ಲಿ, ಡಲ್ಲಾಸ್ ಹತ್ತಿರ ಹೊಸದಾಗಿ ಮನೆ ಮಾಡಿದ್ದೀರಿ. ಪಕ್ಕದ ಮನೆಯಲ್ಲಿ ಎಂಟು ಮಕ್ಕಳು, ತಾಯಿ ಮತ್ತೆ ಬಸುರಿ. ಯಾರೂ ಶಾಲೆಗೆ ಹೋಗುವುದಿಲ್ಲ. ಹೆಣ್ಣುಮಕ್ಕಳಿಗೆಲ್ಲ ಉದ್ದ ಲಂಗ. ಭಾನುವಾರ ಹದಿನೈದು ಸೀಟಿನ ವ್ಯಾನ್ ಹತ್ತಿ ಚರ್ಚಿಗೆ ಹೋಗುತ್ತಾರೆ. ನಿಮ್ಮ ಗೆಳೆಯರು "ಅವರ ಸಹವಾಸ ಬೇಡ" ಅಂದಿದ್ದಾರೆ. ನಿಮ್ಮ ಏಳು ವರ್ಷದ ಮಗಳಿಗೆ ಮಾತ್ರ ಆ ಮನೆಯ ಹುಡುಗಿಯ ಜೊತೆಗೇ ಆಡಬೇಕು. ಏನು ಮಾಡಲಿ ಅಂತ ಕೇಳಿದ್ದೀರಿ.

ನಾನು ಇದೇ ಕಡೆಯ ಒಂದು ಊರಿನ ಸಾರ್ವಜನಿಕ ಲೈಬ್ರರಿಯಲ್ಲಿ, ಮಕ್ಕಳ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಶಾಲೆಯ ಹೊತ್ತಿನಲ್ಲಿ ನಮ್ಮಲ್ಲಿಗೆ ಬರುವ ಮಕ್ಕಳೆಂದರೆ ಹೆಚ್ಚಾಗಿ ಮನೆಯಲ್ಲಿ ಓದುವವರೇ. ಒಂದೇ ಕುಟುಂಬದ ಏಳೆಂಟು ಮಕ್ಕಳು ಸಾಲಾಗಿ ಬಂದು, ಬುಟ್ಟಿಗಟ್ಟಲೆ ಪುಸ್ತಕ ತೆಗೆದುಕೊಂಡು ಹೋಗುವುದನ್ನು ದಿನಾ ನೋಡುತ್ತೇನೆ. ಅದಕ್ಕೇ ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ.

ಮೊದಲಿಗೆ, ಇವರೆಲ್ಲ ಒಂದೇ ಗುಂಪಿನವರಲ್ಲ. ಲಂಗ ನೋಡಿ ಎಷ್ಟೋ ಜನ ಇವರನ್ನು ಆಮಿಶ್, ಅಂದರೆ ಹಳೆಯ ಕಾಲದ ಸರಳ ಬದುಕನ್ನೇ ಹಿಡಿದಿರುವ ಕ್ರೈಸ್ತ ಪಂಗಡದವರು, ಅಂದುಕೊಳ್ಳುತ್ತಾರೆ. ಆಮಿಶರಿಗೆ ಸಾಮಾನ್ಯವಾಗಿ ತಮ್ಮದೇ ಪುಟ್ಟ ಶಾಲೆಗಳಿರುತ್ತವೆ. ಎಂಟನೇ ತರಗತಿ ಮುಗಿದ ಮೇಲೆ ಮಕ್ಕಳನ್ನು ಓದಿಸಲೇಬೇಕು ಅಂತ ಸರ್ಕಾರ ಅವರನ್ನು ಒತ್ತಾಯಿಸುವ ಹಾಗಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1972ರಲ್ಲಿ ತೀರ್ಪು ಕೊಟ್ಟಿತು. ನಿಮ್ಮ ಪಕ್ಕದ ಮನೆಯವರು ಬೇರೆ. ಸಂಪ್ರದಾಯಸ್ಥ ಕ್ಯಾಥೊಲಿಕರಿರಬಹುದು. ಗರ್ಭನಿರೋಧಕ ಬಳಸುವುದು ತಪ್ಪು ಅಂತ ಪೋಪ್ ಆರನೇ ಪೌಲ್ 1968ರಲ್ಲಿ ಮತ್ತೊಮ್ಮೆ ಹೇಳಿದ್ದರು, ಅದನ್ನು ಅಕ್ಷರಶಃ ಪಾಲಿಸುವ ಕುಟುಂಬಗಳು ಇಲ್ಲಿ ಈಗಲೂ ಇವೆ. ಅಥವಾ ಕ್ವಿವರ್‌ಫುಲ್ (ತುಂಬಿದ ಬತ್ತಳಿಕೆ) ಅನ್ನುವ ಪ್ರಾಟೆಸ್ಟೆಂಟರಿರಬಹುದು. ಬೈಬಲಿನ 127ನೇ ಕೀರ್ತನೆಯಲ್ಲಿ ಮಕ್ಕಳು ವೀರನ ಕೈಯ ಬಾಣಗಳಿದ್ದಂತೆ, ಬತ್ತಳಿಕೆ ತುಂಬಿಸಿಕೊಂಡವನು ಧನ್ಯ ಅನ್ನುವ ಮಾತಿದೆ. ದೇವರು ಎಷ್ಟು ಕೊಟ್ಟರೆ ಅಷ್ಟು ಅನ್ನುವವರು ಇವರು. ಇದ್ಯಾವುದೂ ಅಲ್ಲದೆ, ಮಕ್ಕಳೆಂದರೆ ಇಷ್ಟ ಅಂತ ಎಂಟು ಹೆತ್ತವರನ್ನೂ ನಾನು ಕಂಡಿದ್ದೇನೆ.

ಇನ್ನು ಮನೆಯಲ್ಲಿ ಓದಿಸುವವರೆಲ್ಲ ಧರ್ಮಕ್ಕಾಗಿಯೇ ಹಾಗೆ ಮಾಡುತ್ತಾರೆ ಅನ್ನುವುದೂ ಸರಿಯಲ್ಲ. ಕೋವಿಡ್ ವರ್ಷ, 2020ರಲ್ಲಿ, ಸೆನ್ಸಸ್ ಬ್ಯೂರೋ ಸಮೀಕ್ಷೆ ಮಾಡಿತ್ತು. ಶಾಲೆ ವಯಸ್ಸಿನ ಮಕ್ಕಳಿರುವ ಮನೆಗಳಲ್ಲಿ ಹೋಮ್‌ಸ್ಕೂಲ್ ಮಾಡುವವರು ಆ ವಸಂತದಲ್ಲಿ ಶೇ. 5.4 ಇದ್ದರು. ಶರತ್ಕಾಲದ ಹೊತ್ತಿಗೆ ಶೇ. 11.1 ಆದರು. ಕಪ್ಪು ಜನರ ಮನೆಗಳಲ್ಲಿ ಅದು ಶೇ. 3.3ರಿಂದ ಶೇ. 16.1ಕ್ಕೆ ಏರಿತು. ನಮ್ಮವರೂ ಇದ್ದಾರೆ. 2000ನೇ ಇಸವಿಯ ಅಮೆರಿಕದ ರಾಷ್ಟ್ರೀಯ ಸ್ಪೆಲಿಂಗ್ ಬೀ ಎಂಬ ಸ್ಪೆಲಿಂಗ್ ಸ್ಪರ್ಧೆ ಗೆದ್ದ ಭಾರತೀಯ ಮೂಲದ ಹುಡುಗ ಮನೆಯಲ್ಲೇ ಓದಿದವನು.

ಹಾಗಾದರೆ ಹೊರಗಿನವರ ಅಭಿಪ್ರಾಯ ಎಲ್ಲಿಂದ ಬಂತು? ಬಹುಮಟ್ಟಿಗೆ ಟಿವಿಯಿಂದ. ಅರ್ಕನ್ಸಾಸಿನ ಡಗ್ಗರ್ ಕುಟುಂಬದ ಹೆಸರು ನೀವು ಕೇಳಿರಬಹುದು. ಹತ್ತೊಂಬತ್ತು ಮಕ್ಕಳು. 2008ರಿಂದ 2015ರವರೆಗೆ ಟಿಎಲ್‌ಸಿ ವಾಹಿನಿಯಲ್ಲಿ ಅವರ ಮನೆಯೇ ಒಂದು ಕಾರ್ಯಕ್ರಮ. ಅಚ್ಚುಕಟ್ಟಾದ ಮಕ್ಕಳು, ಪಿಟೀಲು, ಎಲ್ಲರ ಮುಖದಲ್ಲೂ ನಗು. ಆಗ ಜನ "ಎಷ್ಟು ಸಂಸ್ಕಾರವಂತ ಮಕ್ಕಳು!" ಅಂದರು. ಹಿರಿಯ ಮಗ ಹುಡುಗನಾಗಿದ್ದಾಗ ತನ್ನ ತಂಗಿಯರನ್ನೂ ಸೇರಿಸಿ ಕೆಲವು ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದ ವಿಷಯ 2015ರಲ್ಲಿ ಹೊರಬಂತು, ಕಾರ್ಯಕ್ರಮ ನಿಂತಿತು. 2021ರಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳ ಪ್ರಕರಣದಲ್ಲಿ ಅವನು ಅಪರಾಧಿ ಅಂತ ತೀರ್ಪಾಯಿತು. ಆ ಕುಟುಂಬ ಹಿಂಬಾಲಿಸುತ್ತಿದ್ದ ಕ್ರೈಸ್ತ ಬೋಧನೆಯ ಸಂಸ್ಥೆಯ ಸ್ಥಾಪಕ ಬಿಲ್ ಗೋಥರ್ಡ್ ಅವರ ಮೇಲೂ ಮೂವತ್ತಕ್ಕೂ ಹೆಚ್ಚು ಹೆಂಗಸರು ಕಿರುಕುಳದ ದೂರು ಹೇಳಿದ್ದರು. ಅವರು 2014ರಲ್ಲಿ ರಾಜೀನಾಮೆ ಕೊಟ್ಟರು. ಇಷ್ಟಾದ ಮೇಲೆ ಅದೇ ಜನ "ಇವರೆಲ್ಲ ಹೀಗೇ" ಅನ್ನತೊಡಗಿದರು. ಹೊಗಳುವಾಗಲೂ ತೆಗಳುವಾಗಲೂ ಒಂದೇ ಮನೆಯನ್ನು ನೋಡಿ ಎಲ್ಲರನ್ನೂ ಅಳೆದರು. ನಿಮ್ಮ ಪಕ್ಕದ ಮನೆಯ ಹುಡುಗಿಗೂ ಅದಕ್ಕೂ ಏನು ಸಂಬಂಧ ಹೇಳಿ?

ನಿಮ್ಮ ಗೆಳೆಯರು ಹೇಳಿರಬಹುದಾದ ಮಾತುಗಳನ್ನು ನಾನು ಕನ್ನಡ ಸಂಘದ ಊಟದ ಸಾಲಿನಲ್ಲೂ ಕೇಳಿದ್ದೇನೆ. ಸರ್ಕಾರದ ದುಡ್ಡಿನಲ್ಲಿ ಬದುಕುತ್ತಾರೆ ಅನ್ನುತ್ತಾರೆ. ಮಕ್ಕಳ ತಲೆ ಲೆಕ್ಕದಲ್ಲಿ ತೆರಿಗೆ ರಿಯಾಯಿತಿ ಸಿಗುವುದು ನಿಜ, ಅದು ನಿಮಗೂ ಸಿಗುತ್ತದೆ. ಆದರೆ ತಾವು ಬಳಸದ ಶಾಲೆಗಳಿಗಾಗಿ ಅವರೂ ಮನೆ ತೆರಿಗೆ ಕಟ್ಟುತ್ತಾರೆ. ನನಗೆ ಗೊತ್ತಿರುವ ಮನೆಗಳಲ್ಲಿ ದುಡಿಯುವವರು ಒಬ್ಬರೇ. ಹಿಟ್ಟು, ಓಟ್ಸ್ ಎಲ್ಲ ಮೂಟೆಗಟ್ಟಲೆ ತರುತ್ತಾರೆ. ಬಟ್ಟೆ ಒಬ್ಬರಿಂದ ಒಬ್ಬರಿಗೆ ಇಳಿಯುತ್ತದೆ. ಗಣಿತದ ಪುಸ್ತಕವನ್ನೂ ಹಾಗೇ ದಾಟಿಸುತ್ತಾರೆ. ಅದರಲ್ಲಿ ಬರೆಯಬಾರದು, ನೋಟ್‌ಬುಕ್ಕಿನಲ್ಲಿ ಮಾಡಬೇಕು ಅಂತ ಕಟ್ಟುನಿಟ್ಟು.

ಮಕ್ಕಳಿಗೆ ಜನರೊಡನೆ ಬೆರೆಯಲು ಬರುವುದಿಲ್ಲ ಅನ್ನುವ ಮಾತು ಇನ್ನೂ ಜಾಸ್ತಿ ಕೇಳಿಬರುತ್ತದೆ. ನನ್ನ ಅನುಭವ ಬೇರೆ. ಈ ಮಕ್ಕಳು ದೊಡ್ಡವರ ಜೊತೆ ಕಣ್ಣಿಗೆ ಕಣ್ಣಿಟ್ಟು ಮಾತಾಡುತ್ತಾರೆ. ಹನ್ನೆರಡರ ಹುಡುಗ ಮೂರರ ಮಗುವಿಗೆ ತಾಳ್ಮೆಯಿಂದ ಕಥೆ ಓದುತ್ತಾನೆ. ವಾರಕ್ಕೊಮ್ಮೆ ಕೋ-ಆಪ್ ಅಂತ ಹಲವು ಕುಟುಂಬಗಳು ಚರ್ಚಿನ ಹಾಲಿನಲ್ಲಿ ಸೇರುತ್ತವೆ. ಒಬ್ಬ ತಾಯಿ ಲ್ಯಾಟಿನ್ ಹೇಳಿಕೊಟ್ಟರೆ ಇನ್ನೊಬ್ಬರು ಜೀವಶಾಸ್ತ್ರದ ಪ್ರಯೋಗ ಮಾಡಿಸುತ್ತಾರೆ. ಬೆರೆಯುತ್ತಾರೆ. ಆದರೆ ಯಾರ ಜೊತೆ? ಬಹುತೇಕ ತಮ್ಮಂಥವರ ಜೊತೆಗೇ. ನನಗೆ ಯೋಚನೆ ಹತ್ತುವುದು ಅಲ್ಲಿ.

ನಮ್ಮ ಅಮ್ಮ ಅರಸೀಕೆರೆ ಹತ್ತಿರದ ಒಂದು ಹಳ್ಳಿಯವರು. ಒಂಬತ್ತು ಮಕ್ಕಳಲ್ಲಿ ಹಿರಿಯವರು. ಹಾಗಾಗಿ ಎಂಟು ಮಕ್ಕಳು ಅಂದರೆ ನನಗೆ ವಿಚಿತ್ರ ಅನ್ನಿಸುವುದೇ ಇಲ್ಲ. ಅಜ್ಜಿಯ ಮನೆಯಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ಇವತ್ತಿಗೂ ನಮ್ಮ ಮಾವಂದಿರು, ಚಿಕ್ಕಮ್ಮಂದಿರು ಅಮ್ಮನ ಮಾತು ಮೀರುವುದಿಲ್ಲ. ಆದರೆ ಏಳನೇ ಕ್ಲಾಸಿಗೆ ಅಮ್ಮನ ಶಾಲೆ ಬಿಡಿಸಿದರು. ಕಂಕುಳಲ್ಲಿ ಒಂದು ಕೂಸು, ಸೆರಗು ಹಿಡಿದು ಇನ್ನೊಂದು. ಅಜ್ಜಿ ಬಾಣಂತನದಲ್ಲಿದ್ದಾಗ ಇಡೀ ಮನೆಯ ಅಡುಗೆ ಅಮ್ಮನದೇ. ಅಮ್ಮ ಅದನ್ನು ಯಾವತ್ತೂ ದೂರಾಗಿ ಹೇಳಿಲ್ಲ. ಓದಿದ್ದರೆ ಟೀಚರ್ ಆಗುತ್ತಿದ್ದೆ ಅಂತ ಮಾತ್ರ ಆಗಾಗ ಅನ್ನುತ್ತಾರೆ.

ಲೈಬ್ರರಿಯಲ್ಲಿ ನನ್ನ ಕಣ್ಣು ಹೋಗುವುದು ಇಂಥ ಮನೆಗಳ ಹಿರಿಯ ಹುಡುಗಿಯ ಕಡೆಗೇ. ಡಗ್ಗರ್ ಮನೆಯಲ್ಲಿ ಪ್ರತಿ ದೊಡ್ಡ ಮಗುವಿಗೂ ಒಂದು ಚಿಕ್ಕ ಮಗುವನ್ನು ಒಪ್ಪಿಸುವ ಪದ್ಧತಿ ಇತ್ತು. ಟಿವಿಯಲ್ಲಿ ಅದನ್ನು ಜನ ಮೆಚ್ಚಿಕೊಂಡರು. ಇಂಥ ಎಷ್ಟೋ ಮನೆಗಳಲ್ಲಿ ಹದಿನಾಲ್ಕು ಹದಿನೈದರ ಹುಡುಗಿ ಎರಡನೇ ತಾಯಿಯಾಗಿರುತ್ತಾಳೆ. ಒಬ್ಬಳು ಬರುತ್ತಾಳೆ. ತಮ್ಮಂದಿರಿಗೆ ಡೈನೋಸಾರ್ ಪುಸ್ತಕ, ತಂಗಿಗೆ ಚಿತ್ರದ ಪುಸ್ತಕ, ಅಮ್ಮನಿಗೆ ಅಡುಗೆಯದು ಎಲ್ಲ ಆರಿಸುತ್ತಾಳೆ. ತನಗೆ ಏನೂ ತೆಗೆದುಕೊಳ್ಳುವುದಿಲ್ಲ. ಕೇಳಿದರೆ "ಟೈಮ್ ಇರಲ್ಲ" ಅಂತ ನಗುತ್ತಾಳೆ. ಒಳ್ಳೆಯ ಹುಡುಗಿ, ಒಳ್ಳೆಯ ಮನೆ, ತಾಯಿ ನಿಜವಾಗಿಯೂ ಪ್ರೀತಿಯುಳ್ಳವರು. ಇನ್ನೊಂದು ಮನೆಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಹತ್ತು ಮಕ್ಕಳು, ಅಷ್ಟೇ ದೈವಭಕ್ತಿ. ಆದರೆ ದಿನಾ ಮಧ್ಯಾಹ್ನ ಎರಡು ಗಂಟೆ ಹೊತ್ತು ದೊಡ್ಡ ಹುಡುಗಿಯನ್ನು ಯಾರೂ ಕೆಲಸಕ್ಕೆ ಕರೆಯುವ ಹಾಗಿಲ್ಲ. ಅವಳು ಈಗ ಸಮುದಾಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಾಳೆ. ಮಕ್ಕಳ ಸಂಖ್ಯೆ, ಲಂಗದ ಉದ್ದ, ಚರ್ಚಿನ ಹೆಸರು ನೋಡಿದರೆ ಈ ಎರಡು ಮನೆಗಳ ವ್ಯತ್ಯಾಸ ನಿಮಗೆ ತಿಳಿಯುವುದೇ ಇಲ್ಲ.

ಕಾನೂನಿನ ವಿಷಯವನ್ನೂ ಹೇಳಬೇಕು. ಟೆಕ್ಸಾಸಿನಲ್ಲಿ ಮನೆಯಲ್ಲಿ ಓದಿಸುವವರು ಯಾರಿಗೂ ತಿಳಿಸಬೇಕಾಗಿಲ್ಲ. ಪರೀಕ್ಷೆ ಇಲ್ಲ, ತಪಾಸಣೆ ಇಲ್ಲ. ಓದು, ಸ್ಪೆಲಿಂಗ್, ವ್ಯಾಕರಣ, ಗಣಿತ, ಒಳ್ಳೆಯ ನಾಗರಿಕತನ, ಈ ಐದನ್ನು ಪ್ರಾಮಾಣಿಕವಾಗಿ ಕಲಿಸಿದರೆ ಸಾಕು. 1980ರ ದಶಕದಲ್ಲಿ ಇಲ್ಲಿ ಹೀಗಿರಲಿಲ್ಲ. ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲ ಅಂತ ತಂದೆತಾಯಿಯರ ಮೇಲೆ ಕೇಸು ಹಾಕುತ್ತಿದ್ದರು. ಕುಟುಂಬಗಳು ಸೇರಿ ಕೋರ್ಟಿಗೆ ಹೋದವು. 1994ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಈ ಹಳೆಯ ನೆನಪು ಆ ಜನರಲ್ಲಿ ಇನ್ನೂ ಹಸಿಯಾಗಿದೆ. ಅಧಿಕಾರಿಗಳು ಬಾಗಿಲು ತಟ್ಟಿದರೆ ವಾರಂಟ್ ಇಲ್ಲದೆ ಒಳಗೆ ಬಿಡಬೇಡಿ ಅಂತ ಅವರ ಕಾನೂನು ಸಂಘವೇ, 1983ರಲ್ಲಿ ಶುರುವಾದ ಎಚ್‌ಎಸ್‌ಎಲ್‌ಡಿಎ, ಹೇಳಿಕೊಡುತ್ತದೆ. ಪಕ್ಕದ ಮನೆಯವರು ಮೊದಲ ಸಲ ನಿಮ್ಮೊಡನೆ ಬಿಗಿಯಾಗಿ ಮಾತಾಡಿದರೆ ಅದು ಅಹಂಕಾರ ಅಂತ ತಿಳಿಯಬೇಡಿ. ಹೊರಗಿನವರು ದೂರು ಕೊಡುತ್ತಾರೇನೋ ಅನ್ನುವ ಅಂಜಿಕೆ ಇರಬಹುದು.

ಅವರ ಭಯ ನನಗೆ ಅರ್ಥವಾಗುತ್ತದೆ. ಆದರೂ ಯಾರೂ ನೋಡಬೇಕಾಗಿಲ್ಲ ಅನ್ನುವ ಕಾನೂನನ್ನು ಒಪ್ಪಲು ನನ್ನಿಂದ ಆಗುವುದಿಲ್ಲ. 2018ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಪೆರಿಸ್ ಊರಿನಲ್ಲಿ ಹದಿನೇಳರ ಹುಡುಗಿಯೊಬ್ಬಳು ಕಿಟಕಿಯಿಂದ ತಪ್ಪಿಸಿಕೊಂಡು ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿದಳು. ಪೊಲೀಸರು ಹೋಗಿ ನೋಡಿದರೆ ಅವಳೂ ಸೇರಿ ಹದಿಮೂರು ಮಕ್ಕಳು, ಕೆಲವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು, ತೀರಾ ಚಿಕ್ಕ ಮಗುವೊಂದನ್ನು ಬಿಟ್ಟರೆ ಎಲ್ಲರೂ ಹಸಿದವರೇ. ತಂದೆ ಆ ಮನೆಯನ್ನೇ ಖಾಸಗಿ ಶಾಲೆ ಅಂತ ನೋಂದಾಯಿಸಿದ್ದ. ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ಗಾಯ ಕಂಡರೆ ಟೀಚರ್ ಕೇಳುತ್ತಾರೆ. ಆ ಹದಿಮೂರು ಮಕ್ಕಳನ್ನು ಕೇಳುವವರು ಯಾರೂ ಇರಲಿಲ್ಲ. ಇದು ತೀರಾ ಅಪರೂಪದ ಪ್ರಕರಣ. ನಿಮ್ಮ ಪಕ್ಕದ ಮನೆಯನ್ನು ಇದರ ಜೊತೆ ಇಟ್ಟು ನೋಡಿದರೆ ಅನ್ಯಾಯ. ಆದರೆ ಕಾನೂನು ಬರೆಯುವುದು ಅಪರೂಪದ ಮಗುವನ್ನು ಕಾಪಾಡಲಿಕ್ಕೂ ಅಲ್ವಾ?

ಹಾರ್ವರ್ಡ್ ಕಾನೂನು ಶಾಲೆಯ ಎಲಿಜಬೆತ್ ಬಾರ್ತೊಲೆಟ್ 2020ರಲ್ಲಿ ಒಂದು ಲೇಖನ ಬರೆದರು. ಮನೆ ಪಾಠವನ್ನು ಮೊದಲು ನಿಷೇಧಿಸಿ, ಬೇಕು ಅನ್ನುವವರು ಕಾರಣ ತೋರಿಸಿ ಅನುಮತಿ ಪಡೆಯಲಿ ಅನ್ನುವುದು ಅವರ ವಾದ. ದೇಶದಾದ್ಯಂತ ಹೋಮ್‌ಸ್ಕೂಲ್ ಕುಟುಂಬಗಳು ಸಿಟ್ಟಾದವು. ನನಗೂ ಅದು ಅತಿಯಾಯಿತು ಅನ್ನಿಸಿತು. ಜರ್ಮನಿಯಲ್ಲಿ ಹೆಚ್ಚುಕಡಿಮೆ ಪೂರ್ತಿ ನಿಷೇಧವೇ ಇದೆ, ಅಂಥದ್ದು ಇಲ್ಲಿ ಬೇಡ. ನಾನು ಹೆಚ್ಚು ಗೌರವದಿಂದ ಕೇಳುವುದು, ಮನೆಯಲ್ಲೇ ಓದಿ ಬೆಳೆದವರು 2013ರಲ್ಲಿ ಕಟ್ಟಿಕೊಂಡ ಒಂದು ಸಂಘಟನೆಯ ಮಾತನ್ನು. ಅದರ ಹೆಸರು ಕೊಯಲಿಷನ್ ಫಾರ್ ರೆಸ್ಪಾನ್ಸಿಬಲ್ ಹೋಮ್ ಎಜುಕೇಶನ್. ಅವರು ನಿಷೇಧ ಕೇಳುವುದಿಲ್ಲ. ಮಗು ಮನೆಯಲ್ಲಿ ಓದುತ್ತಿದೆ ಅಂತ ತಿಳಿಸಿ, ವರ್ಷಕ್ಕೊಮ್ಮೆ ಹೊರಗಿನ ಒಬ್ಬರು ಅದರ ಕಲಿಕೆ ನೋಡಲಿ ಅನ್ನುತ್ತಾರೆ. ಪೆನ್ಸಿಲ್ವೇನಿಯಾದಲ್ಲಿ ಈಗಲೇ ಸುಮಾರು ಹೀಗಿದೆ. ವರ್ಷದ ಕೊನೆಯಲ್ಲಿ ಅರ್ಹತೆಯುಳ್ಳ ಒಬ್ಬರು ಮಗುವಿನ ಜೊತೆ ಮಾತಾಡಿ, ಅದು ಮಾಡಿದ ಕೆಲಸ ನೋಡಿ ಬರೆದುಕೊಡಬೇಕು. ಅಲ್ಲೂ ದೊಡ್ಡ ಧಾರ್ಮಿಕ ಕುಟುಂಬಗಳು ಚೆನ್ನಾಗಿಯೇ ಮನೆಯಲ್ಲಿ ಓದಿಸುತ್ತಿವೆ. ಟೆಕ್ಸಾಸಿಗೂ ಅಷ್ಟು ಬೇಕು ಅನ್ನುವುದು ನನ್ನ ಅಭಿಪ್ರಾಯ. ನಮ್ಮಲ್ಲಿಗೆ ಬರುವ ಕೆಲವು ತಾಯಂದಿರಿಗೆ ನಾನು ಇದನ್ನು ನೇರವಾಗಿ ಹೇಳಿದ್ದೇನೆ. ಒಬ್ಬರು ಒಪ್ಪಿದರು, ಉಳಿದವರು ಒಪ್ಪಲಿಲ್ಲ.

ಈಗ ನಿಮ್ಮ ಮಗಳ ವಿಷಯ. ಆಡಲು ಬಿಡಿ. ಮೊದಮೊದಲು ನಿಮ್ಮ ಮನೆಯಲ್ಲಿ, ಅಥವಾ ಎರಡೂ ಮನೆಗಳ ಮುಂದಿನ ಅಂಗಳದಲ್ಲಿ. ಆ ತಾಯಿಯನ್ನು ಕರೆದು ಮಾತಾಡಿಸಿ. ಟಿವಿ, ಫೋನ್, ಹ್ಯಾಲೊವೀನ್ ಬಗ್ಗೆ ಅವರ ಮನೆಯ ಕಟ್ಟಳೆ ಏನು ಅಂತ ಕೇಳಿ, ನಿಮ್ಮದನ್ನೂ ಹೇಳಿ. ನಿಮ್ಮ ದೇವರ ಮನೆ ನೋಡಿ ಆ ಮಕ್ಕಳು ಪ್ರಶ್ನೆ ಕೇಳುತ್ತಾರೆ. ಅವರು ನಿಮ್ಮ ಮಗಳಿಗೆ ಏಸುವಿನ ಬಗ್ಗೆಯೂ ಹೇಳಬಹುದು. ಅವರಿಗೆ ಅದು ಪ್ರೀತಿ ತೋರಿಸುವ ರೀತಿ. ಬೇಡ ಅನ್ನಿಸಿದರೆ ತಾಯಿಗೆ ಸೌಮ್ಯವಾಗಿ ಹೇಳಿ, ಹೆಚ್ಚಿನವರು ಗೌರವಿಸುತ್ತಾರೆ. ಗೌರವಿಸದಿದ್ದರೆ ಆಗ ಯೋಚಿಸಿದರಾಯಿತು.

ಯಾವತ್ತಾದರೂ ಒಂದು ಮಗು ತೀರಾ ಬಡಕಲಾಗಿದ್ದರೆ, ಗಾಯಗಳು ಕಂಡರೆ, ಯಾರನ್ನೋ ಕಂಡು ನಡುಗಿದರೆ ಸುಮ್ನೆ ಇರಬೇಡಿ. ಟೆಕ್ಸಾಸಿನಲ್ಲಿ ಮಗುವಿಗೆ ಹಿಂಸೆಯಾಗುತ್ತಿದೆ ಅನ್ನುವ ಅನುಮಾನ ಬಂದರೆ ತಿಳಿಸುವುದು ಪ್ರತಿಯೊಬ್ಬರ ಕಾನೂನುಬದ್ಧ ಕರ್ತವ್ಯ, ಟೀಚರ್, ಡಾಕ್ಟರುಗಳಿಗೆ ಮಾತ್ರ ಅಲ್ಲ. ಹಗಲು ರಾತ್ರಿ ನಡೆಯುವ ಸಹಾಯವಾಣಿ ಇದೆ. ಆದರೆ ಮಕ್ಕಳು ಬರಿಗಾಲಲ್ಲಿ ಓಡಾಡುತ್ತವೆ, ಶಾಲೆಯ ಹೊತ್ತಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ ಮರ ಹತ್ತಿವೆ ಅಂತ ಫೋನ್ ಮಾಡಬೇಡಿ.

ಆ ಮನೆಯ ದೊಡ್ಡ ಹುಡುಗಿಗೆ ಎಷ್ಟು ವಯಸ್ಸು ಅಂತ ನೀವು ಬರೆದಿಲ್ಲ. ಹದಿಮೂರು ಹದಿನಾಲ್ಕು ಆಗಿದ್ದರೆ ಅವಳನ್ನು ಬೇರೆಯಾಗಿಯೇ ಮಾತಾಡಿಸಿ. ಏನು ಓದುತ್ತೀಯಾ, ಏನು ಇಷ್ಟ ಅಂತ ಕೇಳಿ. ಶನಿವಾರ ಮಧ್ಯಾಹ್ನ ಚಿಕ್ಕವರನ್ನೆಲ್ಲ ನಿಮ್ಮ ಅಂಗಳದಲ್ಲಿ ಒಂದೆರಡು ಗಂಟೆ ಆಡಲು ಬಿಟ್ಟುಕೊಳ್ಳಲು ನಿಮಗೆ ಆಗುವುದಾದರೆ ತಾಯಿಗೆ ಹೇಳಿ ನೋಡಿ. ಬೇಡ ಅಂದರೂ ಇನ್ನೊಂದು ತಿಂಗಳು ಬಿಟ್ಟು ಮತ್ತೆ ಕೇಳಿ.