ಹಳ್ಳದ ಬೂದಿಗೆ ಎಷ್ಟು ಜೆಸಿಬಿ ಬೇಕು ಎಂದು ಕೇಳುವವರಿಗೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಓದುಗರಿಂದ ವಿದ್ಯುತ್ ಸ್ಥಾವರಗಳ ಕಲ್ಲಿದ್ದಲ ಬೂದಿ ಬಗ್ಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಫೋನಿನಲ್ಲಿ ಹೇಳಿ ಹೇಳಿ ಬೇಸರ ಬಂದಿದೆ, ಅದಕ್ಕೇ ಈ ವಾರ ಬರೆಯುತ್ತಿದ್ದೇನೆ. ಕಲ್ಲಿದ್ದಲ ಬೂದಿ ಅಂದರೇನು, ವಿದ್ಯುತ್ ಹೇಗೆ ತಯಾರಾಗುತ್ತದೆ ಎಂಬುದೆಲ್ಲ ಶಾಲೆ ಮಕ್ಕಳಿಗೂ ಗೊತ್ತು, ಬಿಟ್ಟುಬಿಡುತ್ತೇನೆ.

ಪ್ರಶ್ನೆ: ರಾತ್ರಿ ಯಾರದೋ ಲಾರಿಗಳು ನಮ್ಮ ಹಳ್ಳದ ದಂಡೆಗೆ ಬೂದಿ ಸುರಿದು ಹೋಗಿವೆ. ಮಳೆಗೆ ಅರ್ಧ ಹಳ್ಳಕ್ಕೇ ಇಳಿದಿದೆ. ಊರವರು ಪಟ್ಟಿ ಎತ್ತಿ ಜೆಸಿಬಿ ತರಿಸುತ್ತಿದ್ದೇವೆ. ಎಷ್ಟು ದಿನ ಬೇಕು? (ಅಕ್ಕಲಕೋಟೆ ತಾಲೂಕಿನ ರೈತರು)

ಉತ್ತರ: ಜೆಸಿಬಿ ಬೇಡ. ಮೊದಲು ತಲಾಠಿಯನ್ನು (ಊರ ಕಂದಾಯ ಅಧಿಕಾರಿ) ಕರೆಸಿ ಪಂಚನಾಮೆ ಮಾಡಿಸಿ. ಬೂದಿ ನೀವೇ ಸಾಗಿಸಿದರೆ ಸಾಕ್ಷಿಯೂ ಹೋಯಿತು, ಖರ್ಚೂ ನಿಮ್ಮ ತಲೆಗೇ ಬಂತು. ಲಾರಿ ನಂಬರ್ ಸಿಕ್ಕಿದ್ದರೆ ಅದನ್ನೂ ಬರೆಸಿ. ಸೊಲ್ಲಾಪುರದ ಪ್ರದೂಷಣ (ಮಾಲಿನ್ಯ) ನಿಯಂತ್ರಣ ಮಂಡಳಿ ಕಚೇರಿಗೆ ಅರ್ಜಿ ಮರಾಠಿಯಲ್ಲೇ ಕೊಡಿ. ಕನ್ನಡದ ಅರ್ಜಿ ಅಲ್ಲಿ ಯಾರೂ ಓದುವುದಿಲ್ಲ, ಇದರಲ್ಲಿ ಅಭಿಮಾನದ ಪ್ರಶ್ನೆ ತರಬೇಡಿ. ವಿದ್ಯುತ್ ಸ್ಥಾವರದವರು ಬೂದಿಯನ್ನು ಸಿಮೆಂಟಿನಂಥ ಬಳಕೆಗೆ ಕೊಡದೆ ಉಳಿಸಿಕೊಂಡರೆ ಟನ್ನಿಗೆ 1000 ರೂಪಾಯಿ ದಂಡ ಎಂದು 2021ರ ಡಿಸೆಂಬರ್ 31ರ ಕೇಂದ್ರ ಅಧಿಸೂಚನೆ ಹೇಳುತ್ತದೆ. ಬೂದಿ ಖಾಲಿ ಮಾಡುವ ಅವಸರ ಸ್ಥಾವರಗಳಿಗೆ ಏಕೆ ಇದೆ ಎಂದು ಗೊತ್ತಾಯಿತಲ್ಲ? ನಿಮ್ಮ ಅರ್ಜಿಯಲ್ಲಿ ಈ ಅಧಿಸೂಚನೆಯ ಹೆಸರು ಇರಲಿ.

ದಂಡೆಯ ರಾಶಿ ಬೇರೆ, ಹಳ್ಳದೊಳಗೆ ಕೂತ ಬೂದಿ ಬೇರೆ. ರಾಶಿ ಮೊದಲು ಹೋಗಬೇಕು. ಅದು ಅಲ್ಲೇ ಇದ್ದರೆ ಹಳ್ಳ ಎಷ್ಟು ಬಳಿದರೂ ಮುಂದಿನ ಮಳೆಗೆ ಮತ್ತೆ ಅಷ್ಟೇ. ಅಲ್ಲಿಯವರೆಗೆ ತಾಡಪತ್ರಿ ಹೊದಿಸಿ, ಕೆಳಗಡೆ ಸಣ್ಣ ಒಡ್ಡು ಹಾಕಿ. ಎತ್ತುವಾಗ ನೀರು ಚಿಮುಕಿಸಿ ಹಸಿಯಾಗಿಡಿ. ಒಣ ಬೂದಿಯನ್ನು ಪೊರಕೆಯಿಂದ ಗುಡಿಸಿದರೆ ಎದೆಯೊಳಗೆ ಹೋಗುತ್ತದೆ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಾಲದು, ಒಳ್ಳೆಯ ಮಾಸ್ಕ್ ಬೇಕು. ಅಮೆರಿಕದ ಟೆನ್ನೆಸಿಯ ಕಿಂಗ್‌ಸ್ಟನ್‌ನಲ್ಲಿ 2008ರ ಡಿಸೆಂಬರ್ 22ರಂದು ಬೂದಿ ಕೆರೆ, ಅಂದರೆ ಸ್ಥಾವರದವರು ಹಸಿ ಬೂದಿ ತುಂಬಿಡುವ ಕೆರೆ, ಒಡೆಯಿತು. ಅದನ್ನು ಶುಚಿ ಮಾಡಿದ ಕೆಲಸಗಾರರು ಆಮೇಲೆ ಕಾಯಿಲೆ ಬಿದ್ದು ಕೋರ್ಟಿಗೆ ಹೋಗಬೇಕಾಯಿತು.

ಹಳ್ಳದೊಳಗಿನದಕ್ಕೆ ಬೇಸಿಗೆವರೆಗೆ ಕಾಯಿರಿ. ತಳ ಒಣಗಿದಾಗ ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ನೇರ ಇಳಿಸಿ ಎತ್ತಿ ನೋಡಿ. ಕರಿಮಣ್ಣಿನ ನಡುವೆ ಬೂದುಬಣ್ಣದ ಪಟ್ಟಿ ಎದ್ದು ಕಾಣುತ್ತದೆ. ಬೆರಳಲ್ಲಿ ಉಜ್ಜಿದರೆ ಹಿಟ್ಟಿನಷ್ಟು ನುಣುಪು. ಸಂಶಯವಿದ್ದರೆ ಚಿಟಿಕೆ ತೆಗೆದು ಗಾಜಿನ ಲೋಟದ ನೀರಿಗೆ ಹಾಕಿ. ಬಹಳಷ್ಟು ಮುಳುಗುತ್ತದೆ, ಒಂದಿಷ್ಟು ಬಿಳಿ ಪುಡಿ ಮೇಲೇ ತೇಲಬಹುದು. ಅವು ಒಳಗೆ ಟೊಳ್ಳಾದ ಸಣ್ಣ ಗುಂಡುಗಳು, ಬೂದಿಯ ಗುರುತು. ಪಟ್ಟಿ ಎಷ್ಟು ದಪ್ಪ ಇದೆಯೋ ಅಷ್ಟನ್ನೇ ಸಲಿಕೆಯಿಂದ ತೆಗೆಯಿರಿ. ಒಂದು ಅಡಿ ಜಾಸ್ತಿ ಅಗೆದರೆ ಹಳ್ಳದ ತಳವೇ ಹಾಳು.

ನೀರು ನಿಂತಿರುವಾಗ ಜೆಸಿಬಿಯ ಬಕೆಟ್ ಇಳಿಸಿದಿರೋ, ಕದಡಿದ ಬೂದಿ ಬೋರಿ ಹೊಳೆ ಹಿಡಿದು ಭೀಮೆಗೆ ಹೊರಡುತ್ತದೆ. ಬೂದಿಯ ಜೊತೆ ತಳದಲ್ಲಿ ಸೇರಿಕೊಂಡಿದ್ದ ಆರ್ಸೆನಿಕ್, ಸೆಲೆನಿಯಂ ಎಂಬ ವಿಷವಸ್ತುಗಳೂ ಜೊತೆಗೇ ಹೋಗುತ್ತವೆ. ಕಿಂಗ್‌ಸ್ಟನ್‌ನಲ್ಲಿ ಸುಮಾರು 41 ಲಕ್ಷ ಘನಮೀಟರ್ ಚೆಲ್ಲಿತ್ತು, 100 ಕೋಟಿ ಡಾಲರ್‌ಗಿಂತ ಜಾಸ್ತಿ ಖರ್ಚಾಯಿತು, ಕೆಲಸ 2015ರ ತನಕ ನಡೆಯಿತು. ಅಷ್ಟಾದರೂ ನದಿ ತಳದ ಒಂದಿಷ್ಟು ಬೂದಿಯನ್ನು ಕದಡದೆ, ಕಣ್ಣಿಟ್ಟುಕೊಂಡು, ಬಿಟ್ಟೇಬಿಟ್ಟರು. ಎಲ್ಲ ಎತ್ತಲೇಬೇಕು ಎಂಬ ಹಟ ನಿಮಗೂ ಬೇಡ. ನಮ್ಮಲ್ಲೇ 2022ರ ಜುಲೈ ಮಳೆಗೆ ನಾಗಪುರದ ಹತ್ತಿರ ಕೊರಾಡಿ ಸ್ಥಾವರದ ಖಸಾರಾ ಬೂದಿ ಕೆರೆ ಒಡೆದು ಕೋಲಾರ, ಕನ್ಹಾನ್ ನದಿಗಳಿಗೆ ಬೂದಿ ಹರಿಯಿತು. ಮಳೆಗಾಲದಲ್ಲಿ ಹಳ್ಳದೊಳಗಿನ ಬೂದಿ ಮುಟ್ಟಬೇಡಿ ಅಂತ ನಾನು ಕೂಗುವುದು ಸುಮ್ನೆ ಅಲ್ಲ.

ಎತ್ತಿದ್ದನ್ನು ಹಳೆ ಕಲ್ಲುಗಣಿಗೆ ತುಂಬುವ ಯೋಚನೆ ಎಲ್ಲ ಊರಲ್ಲೂ ಬರುತ್ತದೆ. ದಯವಿಟ್ಟು ಬೇಡ. ನಮ್ಮ ಕರಿಕಲ್ಲು ಬಿರುಕಿನ ಕಲ್ಲು. ಇವತ್ತು ಗಣಿಗೆ ಹಾಕಿದ್ದು ನಾಳೆ ಬಾವಿಗೆ. ಮಣ್ಣು ಬೆರೆತ ಬೂದಿಯನ್ನು ಸಿಮೆಂಟ್ ಕಾರ್ಖಾನೆಯವರೂ ಸುಲಭಕ್ಕೆ ತೊಗೊಳ್ಳುವುದಿಲ್ಲ. ತಂದವರೇ ವಾಪಸ್ ಒಯ್ಯಬೇಕು, ಅದಕ್ಕೇ ಪಂಚನಾಮೆ ಎಂದದ್ದು.

ಪ್ರಶ್ನೆ: ಬೂದಿ ತಿನ್ನುವ ಬ್ಯಾಕ್ಟೀರಿಯಾ ದ್ರಾವಣ ಮಾರುತ್ತಿದ್ದಾರೆ. ಬೆಲ್ಲದ ನೀರಲ್ಲಿ ಕಲಸಿ ಹಳ್ಳಕ್ಕೆ ಬಿಡಬೇಕಂತೆ.

ಉತ್ತರ: ಆರ್ಸೆನಿಕ್ ಮೂಲವಸ್ತು ಕಣ್ರೀ. ಅದನ್ನು ತಿಂದು ಇಲ್ಲವಾಗಿಸುವ ಕ್ರಿಮಿ ಇನ್ನೂ ಹುಟ್ಟಿಲ್ಲ. ಬೆಲ್ಲ ಮನೆಗೆ ಒಯ್ಯಿರಿ, ಮಾರುವವನನ್ನು ಊರ ಹೊರಗೆ ಕಳಿಸಿ.

ಪ್ರಶ್ನೆ: ಸುಣ್ಣ ಹಾಕಿದರೆ ವಿಷ ಸಾಯುತ್ತದೆಯೇ?

ಉತ್ತರ: ಇಲ್ಲ. ನೀರು ಕ್ಷಾರವಾದಷ್ಟೂ ಆರ್ಸೆನಿಕ್ ಬೂದಿಯಿಂದ ಬಿಟ್ಟುಕೊಳ್ಳುವುದು ಹೆಚ್ಚಬಹುದು.

ಪ್ರಶ್ನೆ: ಬಾವಿ ನೀರು ಕುದಿಸಿ ಕುಡಿಯುತ್ತೇವೆ. ನೀರಲ್ಲಿ ಕರಗಿದ ಒಟ್ಟು ಲವಣ ತೋರಿಸುವ ಟಿಡಿಎಸ್ ಮೀಟರ್ ಕೂಡ 400 ತೋರಿಸುತ್ತದೆ. ಸಾಕಲ್ವಾ?

ಉತ್ತರ: ಕುದಿಸಿದರೆ ನೀರು ಆವಿಯಾಗುತ್ತದೆ, ಆರ್ಸೆನಿಕ್‌ನಂಥವು ಪಾತ್ರೆಯಲ್ಲೇ ಉಳಿಯುತ್ತವೆ. ಆರ್ಸೆನಿಕ್ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಷ್ಟು ಸಣ್ಣದನ್ನು ಆ ಮೀಟರ್ ತೋರಿಸುವುದೇ ಇಲ್ಲ. ಲ್ಯಾಬಿನಲ್ಲಿ ಆರ್ಸೆನಿಕ್, ಸೆಲೆನಿಯಂ, ಸೀಸ, ಪಾದರಸ, ಬೋರಾನ್, ಸಲ್ಫೇಟ್ ಎಂದು ಹೆಸರು ಹೇಳಿ ಕೇಳಿ. ಬೂದಿಯಿಂದ ಬೇಗ ಇಳಿದು ಬರುವುದು ಬೋರಾನ್, ಸಲ್ಫೇಟ್. ಈ ಎರಡು ಏರಿದ್ದರೆ ವರದಿಯಲ್ಲಿ ಆರ್ಸೆನಿಕ್ ಇಲ್ಲದಿದ್ದರೂ ಕುಡಿಯಲು ಬೇರೆ ನೀರು ನೋಡಿಕೊಳ್ಳಿ. ಬಾಟಲಿಯನ್ನೂ ಲ್ಯಾಬಿನವರಿಂದಲೇ ತೊಗೊಳ್ಳಿ, ಹಳೆ ಕೋಲ್ಡ್‌ಡ್ರಿಂಕ್ ಬಾಟಲಿಯಲ್ಲಿ ತಂದ ನೀರಿಗೆ ನಾನು ಉತ್ತರ ಕೊಡುವುದಿಲ್ಲ.