ಆಗಸ್ಟ್ ತಿಂಗಳ ಭವಿಷ್ಯವೂ ಉತ್ತರದ ನಾಲ್ಕು ತಂಡಗಳೂ

ಡೆಟ್ರಾಯಿಟ್ ಸೀಮೆಗೆ ಬಂದು ಇನ್ನೂ ಒಂದು ಚಳಿಗಾಲವನ್ನೂ ಕಾಣದ ನೀವು ಕೇಳಿರುವುದು ಇಷ್ಟು: ಈ 2025ರ ಆಗಸ್ಟ್ ಶುರುವಾದಾಗಿನಿಂದ ಆಫೀಸಿನಲ್ಲಿ ಊಟದ ಹೊತ್ತಿಗೆ ಎಲ್ಲರೂ ಅಮೆರಿಕನ್ ಫುಟ್‌ಬಾಲ್ ಲೀಗಿನ ನಮ್ಮ ವಿಭಾಗದ ಬಗ್ಗೆ ‘ಎನ್‌ಎಫ್‌ಸಿ ನಾರ್ತ್ ಈ ಸಲ ಯಾರದು’ ಎಂದು ವಾದಕ್ಕೆ ಇಳಿಯುತ್ತಾರೆ, ನಾಲ್ಕು ತಂಡಗಳ ಹೆಸರನ್ನು ಕ್ರಮವಾಗಿ ಬರೆದುಕೊಡಿ ಎಂದು ನಿಮಗೂ ಒಂದು ಚೀಟಿ ಕೊಟ್ಟಿದ್ದಾರೆ, ಕ್ರಿಕೆಟ್ ಬಿಟ್ಟರೆ ಬೇರೆ ಆಟದ ಗಂಧವಿಲ್ಲದ ನೀವು ಅದರಲ್ಲಿ ಏನು ಬರೆಯಬೇಕು, ಇಲ್ಲಿ ಬಾಳುವುದಕ್ಕೆ ಇದೆಲ್ಲ ತಿಳಿದಿರಲೇಬೇಕೇ? ತಿಳಿದಿರಲೇಬೇಕೆಂದೇನೂ ಇಲ್ಲ. ಹತ್ತಾರು ವರ್ಷ ಮಿಷಿಗನ್‌ನಲ್ಲಿದ್ದು ಒಂದು ಪಂದ್ಯವನ್ನೂ ನೋಡದೆ ಹಾಯಾಗಿರುವವರು ನಮ್ಮ ಪಂಪ ಕನ್ನಡ ಕೂಟದಲ್ಲೇ ಬೇಕಾದಷ್ಟು ಮಂದಿ ಸಿಗುತ್ತಾರೆ. ಆದರೆ ಬರೆಯುವುದೇ ಆದರೆ ಹೆಸರುಗಳ ಕ್ರಮಕ್ಕಿಂತ ಅದರ ಹಿಂದಿನ ಕಾರಣದ ಕಡೆಗೆ ಗಮನ ಕೊಡಿ. ಯುಗಾದಿಯಂದು ಪಂಚಾಂಗ ಶ್ರವಣ ಕೇಳುವ ರೈತ ಈ ವರ್ಷ ಮಳೆ ಎಷ್ಟು ಕೊಳಗ ಎಂಬುದನ್ನು ಕಿವಿಗೆ ಹಾಕಿಕೊಂಡರೂ ಬಿತ್ತನೆಗೆ ಮುಂಚೆ ಕೆರೆಯ ನೀರನ್ನೇ ನೋಡುತ್ತಾನಲ್ಲ, ಅಷ್ಟರಮಟ್ಟಿನ ನಂಬಿಕೆ ಈ ಭವಿಷ್ಯಗಳಿಗೂ ಸಾಕು.

ಮೊದಲು ಲೆಕ್ಕ ತಿಳಿದುಕೊಳ್ಳಿ. ಎನ್‌ಎಫ್‌ಎಲ್ ಎಂಬ ಈ ಫುಟ್‌ಬಾಲ್ ಲೀಗಿನ 32 ತಂಡಗಳನ್ನು ನಾಲ್ಕು ನಾಲ್ಕರಂತೆ ಎಂಟು ವಿಭಾಗಗಳಲ್ಲಿ ಹಂಚಿದ್ದಾರೆ. ನಮ್ಮದರಲ್ಲಿ ಡೆಟ್ರಾಯಿಟ್ ಲಯನ್ಸ್, ಗ್ರೀನ್ ಬೇ ಪ್ಯಾಕರ್ಸ್, ಶಿಕಾಗೊ ಬೇರ್ಸ್ ಮತ್ತು ಮಿನೆಸೋಟಾ ವೈಕಿಂಗ್ಸ್ ಇವೆ. ಒಂದು ಋತುವಿನಲ್ಲಿ ಪ್ರತಿ ತಂಡಕ್ಕೆ 17 ಪಂದ್ಯಗಳು. ಅವುಗಳಲ್ಲಿ ಆರು ಪಂದ್ಯಗಳು ವಿಭಾಗದ ಉಳಿದ ಮೂವರೊಡನೆ, ತಮ್ಮ ಊರಿನಲ್ಲಿ ಒಂದು, ಅವರ ಊರಿನಲ್ಲಿ ಒಂದು. ಎಂಟು ಪಂದ್ಯಗಳಲ್ಲಿ ನಾಲ್ವರಿಗೂ ಎದುರಾಳಿಗಳು ಒಂದೇ. 2025ರಲ್ಲಿ ಆ ಎದುರಾಳಿಗಳು ಎನ್‌ಎಫ್‌ಸಿ ಈಸ್ಟ್ ಮತ್ತು ಎಎಫ್‌ಸಿ ನಾರ್ತ್ ವಿಭಾಗಗಳ ತಂಡಗಳು (ಎನ್‌ಎಫ್‌ಸಿ, ಎಎಫ್‌ಸಿ ಎಂಬುವು ಲೀಗಿನ ಎರಡು ಅರ್ಧಗಳು). ಉಳಿದ ಮೂರು ಪಂದ್ಯಗಳು ಮಾತ್ರ ಹಿಂದಿನ ವರ್ಷದ ಸ್ಥಾನವನ್ನು ನೋಡಿ ನಿಗದಿಯಾಗುತ್ತವೆ: ಮೊದಲ ಸ್ಥಾನದವರಿಗೆ ಮೊದಲ ಸ್ಥಾನದವರೇ, ಕೊನೆಯವರಿಗೆ ಕೊನೆಯವರೇ. ಹಾಗಾಗಿ 2025ರಲ್ಲಿ ಲಯನ್ಸ್ ಕ್ಯಾನ್ಸಸ್ ಸಿಟಿ, ಲಾಸ್ ಏಂಜಲೀಸ್ ರ‍್ಯಾಮ್ಸ್, ಟ್ಯಾಂಪಾ ಬೇ ತಂಡಗಳನ್ನು ಎದುರಿಸಬೇಕಾದರೆ, ಬೇರ್ಸ್ ಪಾಲಿಗೆ ಬಂದಿರುವುದು ಲಾಸ್ ವೇಗಸ್, ನ್ಯೂ ಆರ್ಲಿಯನ್ಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ. ಭವಿಷ್ಯ ಹೇಳುವವರಲ್ಲಿ ಅರ್ಧದಷ್ಟು ಜನ ಈ ಪಟ್ಟಿಯನ್ನು ನೋಡದೆಯೇ ಮಾತಾಡುತ್ತಾರೆ.

ವಿಭಾಗವನ್ನು ಗೆಲ್ಲುವುದಕ್ಕೆ ಅಷ್ಟು ಮಹತ್ವ ಏಕೆ ಎಂಬುದಕ್ಕೆ 2024ರ ಋತುವಿನ ವೈಕಿಂಗ್ಸ್ ತಂಡವೇ ಸಾಕ್ಷಿ. ಅವರು 14 ಪಂದ್ಯ ಗೆದ್ದರು. ಆದರೆ ಕೊನೆಯ ವಾರ ಡೆಟ್ರಾಯಿಟ್‌ನಲ್ಲಿ ಲಯನ್ಸ್ ಅವರನ್ನು 31-9ರಿಂದ ಸೋಲಿಸಿ 15 ಗೆಲುವಿನೊಡನೆ ವಿಭಾಗವನ್ನು ತಮ್ಮದಾಗಿಸಿಕೊಂಡದ್ದರಿಂದ, 14 ಗೆದ್ದವರು ಪ್ಲೇಆಫ್ ಎಂಬ ನಾಕೌಟ್ ಹಂತಕ್ಕೆ ವೈಲ್ಡ್ ಕಾರ್ಡ್ (ವಿಭಾಗ ಗೆಲ್ಲದವರಿಗೆ ಸಿಗುವ ಪ್ರವೇಶ) ಹಿಡಿದು, ಕೇವಲ 10 ಗೆದ್ದಿದ್ದ ರ‍್ಯಾಮ್ಸ್ ತಂಡದ ಅತಿಥಿಗಳಾಗಿ ಹೋಗಬೇಕಾಯಿತು. ಕ್ಯಾಲಿಫೋರ್ನಿಯಾದ ಕಾಳ್ಗಿಚ್ಚಿನ ಕಾರಣ ಅರಿಜೋನಾಕ್ಕೆ ವರ್ಗವಾದ ಆ ಪಂದ್ಯದಲ್ಲಿ 27-9ರಿಂದ ಸೋತು ಮನೆಗೆ ಮರಳಿದರು.

ಅದೇ ವೈಕಿಂಗ್ಸ್ ಬಗ್ಗೆ 2024ರ ಆಗಸ್ಟ್‌ನಲ್ಲಿ ಏನು ಹೇಳುತ್ತಿದ್ದರು ಎಂಬುದನ್ನೂ ಕೇಳಿ. ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಆರಿಸಿಕೊಂಡಿದ್ದ ಎಳೆಯ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸಿ ಚೆಂಡು ಎಸೆಯುವ ಆಟಗಾರ) ಜೆ. ಜೆ. ಮೆಕಾರ್ಥಿ ಅಭ್ಯಾಸದ ಮೊದಲ ಪಂದ್ಯದಲ್ಲೇ ಮಂಡಿ ಕೆಡಿಸಿಕೊಂಡು ಇಡೀ ಋತುವಿಗೆ ಹೊರಗಾಗಿದ್ದರು. ಅವರ ಜಾಗಕ್ಕೆ ನಿಂತವರು ಮೂರು ತಂಡಗಳನ್ನು ಸುತ್ತಿ ಬಂದಿದ್ದ ಸ್ಯಾಮ್ ಡಾರ್ನಲ್ಡ್. ಹೀಗಾಗಿ ಅವರನ್ನು ಕೊನೆಯ ಸ್ಥಾನಕ್ಕೆ ಬರೆದವರೇ ಬಹಳ. ತರಬೇತುದಾರ ಕೆವಿನ್ ಒಕಾನಲ್ ಹೆಣೆಯುವ ಆಟವನ್ನೂ, ಬ್ರಯಾನ್ ಫ್ಲೋರೆಸ್ ಕಟ್ಟಿದ್ದ ರಕ್ಷಣೆಯನ್ನೂ ತೂಗಿ ನೋಡಿದವರು ಕಡಿಮೆ. ಇತ್ತ ಅದೇ ಡ್ರಾಫ್ಟ್‌ನ ಮೊಟ್ಟಮೊದಲ ಆಯ್ಕೆಯಾಗಿ ಕೇಲಬ್ ವಿಲಿಯಮ್ಸ್ ಬಂದ ಸಂಭ್ರಮದಲ್ಲಿ ಬೇರ್ಸ್ ಪ್ಲೇಆಫ್‌ಗೆ ಹೋಗಿಯೇಬಿಟ್ಟರು ಎಂಬಂತೆ ಶಿಕಾಗೊದವರು ಮಾತಾಡುತ್ತಿದ್ದರು. ಅವರು ಗೆದ್ದದ್ದು ಐದು, ಸೋತದ್ದು 12. ವಿಲಿಯಮ್ಸ್ ಚೆಂಡು ಎಸೆಯುವ ಮೊದಲೇ ಎದುರಾಳಿಗಳು ಅವರನ್ನು 68 ಸಲ ನೆಲಕ್ಕೆ ಕೆಡವಿದರು. ‘ಕ್ವಾರ್ಟರ್‌ಬ್ಯಾಕ್ ಒಳ್ಳೆಯವನೇ, ಮುಂದೆ ನಿಂತು ಕಾಯುವವರು ಯಾರು?’ ಎಂದು ಆಗಸ್ಟ್‌ನಲ್ಲೇ ಕೇಳಿದವರು ಬೇರ್ಸ್ ತಂಡವನ್ನು ಎಷ್ಟನೆಯ ಸ್ಥಾನಕ್ಕೆ ಬರೆದಿದ್ದರೂ ನನ್ನ ಪ್ರಕಾರ ಆಟ ಬಲ್ಲವರು.

ಆಗಸ್ಟ್‌ನಲ್ಲಿ ಟಿವಿಯಲ್ಲಿ ಬರುವ ಅಭ್ಯಾಸ ಪಂದ್ಯಗಳ ಫಲಿತಾಂಶವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಮುಖ್ಯ ಆಟಗಾರರು ಅವುಗಳಲ್ಲಿ ಆಡುವುದೇ ಅಪರೂಪ; ತಂಡದಲ್ಲಿ ಕೊನೆಯ ಕೆಲವು ಸ್ಥಾನಗಳಿಗಾಗಿ ಹೊಸಬರು ಬಡಿದಾಡುವ ಪಂದ್ಯಗಳು ಅವು. 2008ರಲ್ಲಿ ಇದೇ ಲಯನ್ಸ್ ನಾಲ್ಕೂ ಅಭ್ಯಾಸ ಪಂದ್ಯಗಳನ್ನು ಗೆದ್ದು, ಆಮೇಲೆ ನಿಜವಾದ ಋತುವಿನ 16ಕ್ಕೆ 16 ಪಂದ್ಯಗಳನ್ನೂ ಸೋತರು. ಈ ಊರಿನ ಹಳಬರ ಮುಂದೆ ಆ ವರ್ಷದ ಮಾತನ್ನು ನೀವಾಗಿ ಎತ್ತಬೇಡಿ, ಅವರಾಗಿ ಹೇಳಿಕೊಂಡರೆ ಕೇಳಿಸಿಕೊಳ್ಳಿ. 1957ರ ನಂತರ ಲೀಗ್ ಪ್ರಶಸ್ತಿಯನ್ನೇ ಕಾಣದ ತಂಡ ಇದು. 2024ರ ಜನವರಿಯಲ್ಲಿ ಒಂದು ಪ್ಲೇಆಫ್ ಪಂದ್ಯ ಗೆದ್ದಾಗ, ಅದಕ್ಕೂ ಹಿಂದಿನ ಗೆಲುವು 1992ರ ಜನವರಿಯದಾಗಿತ್ತು; ನಡುವೆ ಹುಟ್ಟಿ ಬೆಳೆದು ಮದುವೆಯಾದವರು ನಿಮ್ಮ ಆಫೀಸಿನಲ್ಲೇ ಇದ್ದಾರು. ಆದ್ದರಿಂದ ಡೆಟ್ರಾಯಿಟ್‌ನವನೊಬ್ಬ ‘ನಾವೇ ಮೊದಲು’ ಎಂದು ಬರೆದಾಗ ಅದರಲ್ಲಿ ಅಂದಾಜು ಎಷ್ಟು, ಹಟ ಎಷ್ಟು ಎಂದು ಬಿಡಿಸಿ ನೋಡುವುದು ಕಷ್ಟ.

ಇನ್ನೆರಡು ವ್ಯವಹಾರದ ಮಾತು. ಮಿಷಿಗನ್‌ನಲ್ಲಿ ಫೋನಿನಲ್ಲೇ ಪಣ ಕಟ್ಟುವುದು 2021ರಿಂದ ಕಾನೂನುಬದ್ಧವಾಗಿದೆ, ಜಾಹೀರಾತುಗಳೂ ಬೆನ್ನು ಬಿಡುವುದಿಲ್ಲ. ಸಹೋದ್ಯೋಗಿಗಳ ಚೀಟಿ ಬೇರೆ, ಅದು ಬೇರೆ. ಮೊದಲ ವರ್ಷ ಬಾಡಿಗೆ, ಕಾರಿನ ಕಂತು, ಊರಿಗೆ ಕಳಿಸುವ ಹಣ ಇವುಗಳ ನಡುವೆ ಆ ದಾರಿ ಹಿಡಿಯಬೇಡಿ ಎಂದು ಕಡ್ಡಿ ಮುರಿದಂತೆ ಹೇಳುತ್ತೇನೆ. ಎರಡನೆಯದು, ಪಂದ್ಯಗಳಲ್ಲಿ ಹೆಚ್ಚಿನವು ಇಲ್ಲಿ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಆರಂಭವಾಗುತ್ತವೆ. ರಾಜ್ಯೋತ್ಸವದ ಕಾರ್ಯಕ್ರಮ ಭಾನುವಾರಕ್ಕೆ ಬಿದ್ದರೆ ಸಭಾಂಗಣದ ಕೊನೆಯ ಸಾಲಿನಲ್ಲಿ ನಾಲ್ಕು ಮಂದಿ ಒಂದೇ ಫೋನಿನ ಮೇಲೆ ಬಾಗಿ ಕೂತಿರುವುದನ್ನು ಕಂಡೇ ಕಾಣುತ್ತೀರಿ. ನಾಡಗೀತೆಯ ಹೊತ್ತಿಗೆ ಎದ್ದು ನಿಲ್ಲುತ್ತಾರೆ, ಫೋನು ಮಾತ್ರ ಕೈಯಲ್ಲೇ ಇರುತ್ತದೆ.

ಇನ್ನು 2025ರ ಋತುವಿಗೆ ನನ್ನ ಕ್ರಮ, ಕಾರಣಸಹಿತ.

ಮೊದಲ ಸ್ಥಾನಕ್ಕೆ ನಾನು ಬರೆಯುವುದು ಗ್ರೀನ್ ಬೇ. ಡೆಟ್ರಾಯಿಟ್‌ನಲ್ಲಿ ಕೂತು ಹೀಗೆ ಬರೆಯುವುದು ಆಫೀಸಿನ ಸ್ನೇಹಕ್ಕೆ ಒಳ್ಳೆಯದಲ್ಲ, ನೀವು ನಕಲು ಮಾಡಬೇಡಿ. ಸುಮಾರು ಒಂದು ಲಕ್ಷ ಜನಸಂಖ್ಯೆಯ ಪುಟ್ಟ ಊರು, ಯಾವ ಸಿರಿವಂತನ ಕೈಯಲ್ಲೂ ಇಲ್ಲದೆ ಷೇರುದಾರ ಅಭಿಮಾನಿಗಳೇ ಒಡೆಯರಾಗಿರುವ ತಂಡ, 13 ಪ್ರಶಸ್ತಿಗಳು; ಆದರೆ ನನ್ನ ಕಾರಣ ಈ ಇತಿಹಾಸವಲ್ಲ. 2024ರ ಋತುವಿನಲ್ಲಿ ವಿಭಾಗದ ಹೊರಗಿನವರೊಡನೆ ಆಡಿದ 11 ಪಂದ್ಯಗಳಲ್ಲಿ ಅವರು 10 ಗೆದ್ದರು, ವಿಭಾಗದೊಳಗಿನ ಆರರಲ್ಲಿ ಒಂದನ್ನಷ್ಟೇ ಗೆದ್ದರು. ಸೋತ ಐದರಲ್ಲಿ ನಾಲ್ಕು ಪಂದ್ಯಗಳಲ್ಲಿ ಅಂತರ ಎರಡು ಅಥವಾ ಮೂರು ಅಂಕ. ಇಂಥ ಅಂತರಗಳು ಎರಡು ವರ್ಷ ಸತತವಾಗಿ ಒಂದೇ ಕಡೆಗೆ ವಾಲುವುದು ವಿರಳ. ಅವರ ಕ್ವಾರ್ಟರ್‌ಬ್ಯಾಕ್ ಜಾರ್ಡನ್ ಲವ್ 2024ರ ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟು ತಿಂದಿದ್ದರು. 2025ರಲ್ಲಿ ತಂಡವು 2002ರ ನಂತರ ಮೊದಲ ಬಾರಿಗೆ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಒಬ್ಬ ರಿಸೀವರ್‌ನನ್ನು (ಎಸೆದ ಚೆಂಡು ಹಿಡಿಯುವವನನ್ನು), ಮ್ಯಾಥ್ಯೂ ಗೋಲ್ಡನ್ ಅವರನ್ನು, ಆರಿಸಿಕೊಂಡಿದೆ.

ಎರಡನೆಯದು ಲಯನ್ಸ್, ಕೂದಲೆಳೆಯ ಅಂತರದಲ್ಲಿ. ರಕ್ಷಣೆಯ ಏಡನ್ ಹಚಿನ್ಸನ್ 2024ರ ಅಕ್ಟೋಬರ್‌ನಲ್ಲಿ ಡಲ್ಲಾಸ್‌ನಲ್ಲಿ ಕಾಲು ಮುರಿದುಕೊಳ್ಳುವ ತನಕ ಐದು ಪಂದ್ಯಗಳಲ್ಲಿ ಏಳೂವರೆ ಸ್ಯಾಕ್ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಕೆಡವುವುದು) ಗಳಿಸಿದ್ದರು. ಅವರು ಮರಳುತ್ತಿರುವುದೇ ದೊಡ್ಡ ಬಲ. ಆದರೆ ದಾಳಿಯ ಸಾಲಿನ ನಡುಗಂಬದಂತಿದ್ದ ಫ್ರಾಂಕ್ ರ‍್ಯಾಗ್ನೋ 2025ರ ಜೂನ್‌ನಲ್ಲಿ ನಿವೃತ್ತರಾದರು. ರಕ್ಷಣೆಯನ್ನು ನಡೆಸುತ್ತಿದ್ದ ಆರನ್ ಗ್ಲೆನ್ ನ್ಯೂಯಾರ್ಕ್ ಜೆಟ್ಸ್‌ಗೆ ಮುಖ್ಯ ತರಬೇತುದಾರರಾಗಿ ಹೋದರು. ದಾಳಿಯನ್ನು ಹೆಣೆಯುತ್ತಿದ್ದ ಬೆನ್ ಜಾನ್ಸನ್ ಹೋದದ್ದು ಇನ್ನೆಲ್ಲಿಗೂ ಅಲ್ಲ, ಇದೇ ವಿಭಾಗದ ಶಿಕಾಗೊಗೆ.

ಜಾನ್ಸನ್ ಹೋದದ್ದರ ತೂಕ ತಿಳಿಯಬೇಕಾದರೆ 2024ರ ಡಿಸೆಂಬರ್ 22ರಂದು ಶಿಕಾಗೊದ ಸೋಲ್ಜರ್ ಫೀಲ್ಡ್‌ನಲ್ಲಿ ನಡೆದ ಒಂದು ಆಟವನ್ನು ಹುಡುಕಿ ನೋಡಿ. ಚೆಂಡು ಕೈಗೆ ಬಂದ ಕೂಡಲೇ ಲಯನ್ಸ್‌ನ ಜ್ಯಾರೆಡ್ ಗಾಫ್ ಎಡವಿದಂತೆ ನಟಿಸುತ್ತಾರೆ, ಪಕ್ಕದ ಜಮೀರ್ ಗಿಬ್ಸ್ ಬೇಕೆಂದೇ ನೆಲಕ್ಕೆ ಬೀಳುತ್ತಾರೆ. ಚೆಂಡು ಕೈಜಾರಿತೆಂದು ಬೇರ್ಸ್ ರಕ್ಷಕರ ಕಣ್ಣು ನೆಲದ ಕಡೆ ಹೊರಳಿದ ಆ ಅರೆಗಳಿಗೆಯಲ್ಲಿ ಸ್ಯಾಮ್ ಲಪೋರ್ಟಾ ಒಬ್ಬರೇ ಮುಂದೆ ಓಡಿಹೋಗಿದ್ದು, ಗಾಫ್ ಎಸೆದ ಚೆಂಡು ನೇರ ಅವರ ಕೈ ಸೇರಿ ಟಚ್‌ಡೌನ್ ಆಗುತ್ತದೆ. ಅದನ್ನು ಹೆಣೆದವರು ಜಾನ್ಸನ್. ಒಂದು ತಿಂಗಳಾಗುವಷ್ಟರಲ್ಲಿ ಬೇರ್ಸ್ ಅವರನ್ನೇ ಕರೆದು ಮುಖ್ಯ ತರಬೇತುದಾರರ ಪಟ್ಟ ಕಟ್ಟಿದರು. ಅದಕ್ಕೆ ಮೊದಲು ಥ್ಯಾಂಕ್ಸ್‌ಗಿವಿಂಗ್ ದಿನ ಇದೇ ಡೆಟ್ರಾಯಿಟ್‌ನಲ್ಲಿ, ಮೂರು ಅಂಕಗಳಿಂದ ಹಿಂದಿದ್ದಾಗ, ಕೈಯಲ್ಲಿ ಒಂದು ಟೈಮ್‌ಔಟ್ (ಗಡಿಯಾರ ನಿಲ್ಲಿಸುವ ಅವಕಾಶ) ಇಟ್ಟುಕೊಂಡೇ ಗಡಿಯಾರ ಓಡಲು ಬಿಟ್ಟು ಸೋತ ಮ್ಯಾಟ್ ಎಬರ್‌ಫ್ಲೂಸ್ ಅವರನ್ನು ಮರುದಿನವೇ ತೆಗೆದುಹಾಕಿದ್ದರು. ಋತುವಿನ ನಡುವೆ ಮುಖ್ಯ ತರಬೇತುದಾರರನ್ನು ತೆಗೆದದ್ದು ಬೇರ್ಸ್ ಚರಿತ್ರೆಯಲ್ಲಿ ಅದೇ ಮೊದಲು. 2025ರ ಋತುವಿಗೆ ಜೋ ಥೂನಿ, ಜೋನಾ ಜಾಕ್ಸನ್, ಡ್ರೂ ಡಾಲ್ಮನ್ ಮೂವರನ್ನೂ ತಂದು ವಿಲಿಯಮ್ಸ್ ಮುಂದಿನ ಸಾಲಿನ ನಡುಭಾಗವನ್ನು ಪೂರ್ತಿ ಬದಲಿಸಿದ್ದಾರೆ. ಹಿಂದೆ ಹೇಳಿದ ಪ್ರಶ್ನೆಗೆ ಅವರು ಕೊಟ್ಟಿರುವ ಉತ್ತರ ಅದು. ಮೂರನೆಯ ಸ್ಥಾನ ಕೊಡುತ್ತೇನೆ. ಹಿಂದಿನ ವರ್ಷದ ಸ್ಥಾನ ನೋಡಿ ನಿಗದಿಯಾದ ಅವರ ಮೂರು ಪಂದ್ಯಗಳು ಹಗುರವಾಗಿರುವುದರಿಂದ ಅವರು ಇನ್ನೂ ಮೇಲೇರಿದರೆ ನನಗೇನೂ ಅಚ್ಚರಿಯಿಲ್ಲ.

ಹೀಗಾಗಿ ವೈಕಿಂಗ್ಸ್ ನಾಲ್ಕನೆಯವರು. ಡಾರ್ನಲ್ಡ್ ಸಿಯಾಟಲ್‌ಗೆ ಹೋದರು. ಮಿಷಿಗನ್ ವಿಶ್ವವಿದ್ಯಾಲಯಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಮೆಕಾರ್ಥಿಯನ್ನು ಈ ಊರಿನವರು ಇಂದಿಗೂ ತಮ್ಮ ಹುಡುಗ ಎಂದೇ ಕರೆಯುತ್ತಾರಾದರೂ 2025ರ ಆಗಸ್ಟ್ ತನಕ ಎನ್‌ಎಫ್‌ಎಲ್‌ನ ಒಂದು ನಿಜವಾದ ಪಂದ್ಯವನ್ನೂ ಅವರು ಆಡಿಲ್ಲ. ಜೊತೆಗೆ 2025ರಲ್ಲಿ ತಂಡ ಡಬ್ಲಿನ್ ಮತ್ತು ಲಂಡನ್ ನಗರಗಳಲ್ಲಿ ಸತತ ಎರಡು ವಾರ ಆಡಬೇಕಾಗಿದೆ. ಒಕಾನಲ್ ಮತ್ತು ಫ್ಲೋರೆಸ್ ಇಬ್ಬರೂ ಅಲ್ಲೇ ಇದ್ದಾರೆ, ಜಸ್ಟಿನ್ ಜೆಫರ್ಸನ್‌ನಂಥ ರಿಸೀವರ್ ಇದ್ದಾರೆ. ಹಾಗಾಗಿ ನನ್ನ ನಾಲ್ಕನೆಯ ಸ್ಥಾನದವರು ಕೂಡ ಎಂಟು ಗೆಲುವಿಗಿಂತ ಕೆಳಗಿಳಿಯಲಾರರು. ಮೆಕಾರ್ಥಿ ಮೊದಲ ಬಾರಿ ಕಣಕ್ಕಿಳಿಯುವುದು 2025ರ ಸೆಪ್ಟೆಂಬರ್ 8ರ ಸೋಮವಾರ ರಾತ್ರಿ, ಅದೂ ಶಿಕಾಗೊದಲ್ಲಿ, ಜಾನ್ಸನ್ ತರಬೇತುಗಾರಿಕೆಯ ಮೊದಲ ಪಂದ್ಯದಲ್ಲಿ. ನೀವು ಇಡೀ ಋತುವಿನಲ್ಲಿ ಒಂದೇ ಪಂದ್ಯ ನೋಡುವುದಾದರೆ ಅದನ್ನು ನೋಡಿ. ಬೇರ್ಸ್ ದಾಳಿಗೆ ಬಂದಾಗ ಚೆಂಡಿನ ಬದಲು ಥೂನಿ ಮತ್ತು ಡಾಲ್ಮನ್ ನಿಂತ ಜಾಗದ ಮೇಲೆ ಕಣ್ಣಿಡಿ.